ಉಳಿದ ಒಂದು ಸಾಲು

ಬೆಳಿಗ್ಗೆ ಐದೂವರೆಗೆ ನಲ್ಲಿಯಲ್ಲಿ ನೀರು ಬಂತು, ತೊಟ್ಟಿ ತುಂಬಿಸಿದೆ. ಹಾಲು ಕಾಯಿಸಿದೆ. ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದೆ. ನಮ್ಮವರ ಬಿ.ಪಿ. ಮಾತ್ರೆಯನ್ನು ತಟ್ಟೆಯ ಪಕ್ಕದಲ್ಲಿಟ್ಟೆ. ಕಣ್ಣಿಗೆ ಬೀಳದಿದ್ದರೆ ಅವರು ನುಂಗುವುದಿಲ್ಲ. ಶಾಲೆಗೆ ಹೋಗಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದೆ. ಮೂರು ಮಕ್ಕಳಿಗೆ ವ್ಯಾಸಂಗ ಪ್ರಮಾಣಪತ್ರ ಬರೆದು ಮೊಹರು ಹಾಕಿಸಿದೆ. ಕಪಾಟಿನ ಮೇಲಿನ ಜೇಡರ ಬಲೆ ತೆಗೆಸಿದೆ. ಹನ್ನೊಂದು ಗಂಟೆಗೆ ಮುನಿರತ್ನಮ್ಮ ಫೋನ್ ಮಾಡಿ, "ಅಕ್ಕಾ, ಸಾಬರು ಹೋಗ್ಬಿಟ್ರು" ಅಂದಳು. ಅರ್ಧ ದಿನದ ರಜೆಯ ಚೀಟಿ ಬರೆದಿಟ್ಟು ಶಿಡ್ಲಘಟ್ಟದ ಬಸ್ಸು ಹತ್ತಿದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಿನವರ ಹೆಸರನ್ನೆಲ್ಲ ಅಚ್ಚು ಹಾಕಿಕೊಟ್ಟ ಮನುಷ್ಯ ತಮ್ಮ ಹೆಸರನ್ನು ಎಲ್ಲೂ ಅಚ್ಚು ಹಾಕಿಕೊಂಡವರಲ್ಲ. ಅಂಗಡಿಯ ಬೋರ್ಡಿನಲ್ಲಿ ‘ಕನ್ನಡ, ಉರ್ದು, ಇಂಗ್ಲಿಷ್ ಟೈಪಿಂಗ್ ಮಾಡಿಕೊಡಲಾಗುವುದು’ ಎಂದಷ್ಟೇ ಇತ್ತು. ರೈತರು ‘ಟೈಪ್ ಸಾಬರು’ ಎನ್ನುತ್ತಿದ್ದರು. ನಾನು ‘ಸಾರ್’ ಎನ್ನುತ್ತಿದ್ದೆ. ಅವರು ನನ್ನನ್ನು ಮೇಡಂ ಎನ್ನಬೇಕೋ ಅಮ್ಮ ಎನ್ನಬೇಕೋ ತಿಳಿಯದೆ ಎರಡನ್ನೂ ಸೇರಿಸಿ ‘ಮೇಡಮ್ಮ’ ಮಾಡಿದ್ದರು.

ಅಂಗಡಿ ಇದ್ದದ್ದು ಗೂಡಿನ ಮಾರುಕಟ್ಟೆಗೆ ಎರಡು ಬೀದಿ ಈಚೆ. ರೇಷ್ಮೆಗೂಡು ಮಾರಿ ಬಂದವರು ಅದೇ ಕೈಯಲ್ಲಿ ಅರ್ಜಿ ಬರೆಸಲು ಬರುತ್ತಿದ್ದರು. ಆ ಕೈಗಳಲ್ಲಿ ಅಂಟಿದ ಎಳೆ ಕೀಬೋರ್ಡಿನ ಗುಂಡಿಗಳ ಸಂದಿಗೆ ಸೇರಿದರೆ ತೆಗೆಯುವುದು ಕಷ್ಟ. ಹಾಗಾಗಿ ಬಾಗಿಲಲ್ಲೇ ಒಂದು ಬಕೆಟ್ಟು, ಒಂದು ಚೊಂಬು. ಕೈ ತೊಳೆಯದೆ ಒಳಗೆ ಬಂದವರು ತಾಲ್ಲೂಕು ಆಫೀಸಿನ ಸಾಹೇಬರಾದರೂ ಅವರು ಕುರ್ಚಿ ತೋರಿಸುತ್ತಿರಲಿಲ್ಲ, ಬಕೆಟ್ಟು ತೋರಿಸುತ್ತಿದ್ದರು. ಶುಕ್ರವಾರ ನಮಾಜಿಗೆ ಹೋಗುವ ಮುಂಚೆ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೀಬೋರ್ಡನ್ನು ಗುಡಿಸುತ್ತಿದ್ದರು. ಹಾಗೆ ಗುಡಿಸುವಾಗ ಯಾರೂ ಮಾತಾಡಿಸುವಂತಿಲ್ಲ.

ಮೊದಲು ತಾಲ್ಲೂಕು ಕಚೇರಿಯ ಮುಂದೆ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದವರು. ಕಂಪ್ಯೂಟರ್ ಬಂದಾಗ ಜೊತೆಯವರೆಲ್ಲ ಬೇರೆ ಕಸುಬು ನೋಡಿಕೊಂಡರೆ ಇವರು ಬೆಂಗಳೂರಿಗೆ ದಿನಾ ಹೋಗಿ ಬಂದು ಕಲಿತರಂತೆ. ಕಲಿತದ್ದನ್ನು ತಮ್ಮದೇ ಮಾತಿನಲ್ಲಿ ಇಟ್ಟುಕೊಂಡಿದ್ದರು. ಪರದೆಯ ಮೇಲೆ ಅಕ್ಷರದ ಬದಲು ಚೌಕಗಳು ಬಂದರೆ, "ಬಿಸ್ಕತ್ತು ಬಂದಿದೆ" ಎನ್ನುವರು. ಒಮ್ಮೆ ನಾನು ಗಾಬರಿಯಾದಾಗ ಸಮಾಧಾನ ಮಾಡಿದ್ದರು.

"ಬಿಸ್ಕತ್ತಿಗೆ ಹೆದರ್ಬಾರ್ದು ಮೇಡಮ್ಮ. ಅಕ್ಷರ ಒಳಗಡೆ ಹಂಗೇ ಇದೆ, ತೋರ್ಸೋಕೆ ಫಾಂಟು ಇಲ್ಲ ಅಷ್ಟೇ. ಪ್ರಶ್ನೆಚಿಹ್ನೆ ಬಂದ್ರೆ ಅಳ್ಬೇಕು. ಆಗ ಅಕ್ಷರಾನೇ ಹೋಯ್ತು ಅಂತ. ಅದರ ಜಾಗದಲ್ಲಿ ಕಂಪ್ಯೂಟ್ರು ‘ಇಲ್ಲಿ ಯಾರಿದ್ರಪ್ಪಾ’ ಅಂತ ನಮ್ಮನ್ನೇ ಕೇಳ್ತಾ ಇರ್ತದೆ."

ಲಗ್ನಪತ್ರಿಕೆಗಳಲ್ಲಿ ಅವರದೊಂದು ಕಟ್ಟುನಿಟ್ಟು ಇತ್ತು. ಮನುಷ್ಯರ ಹೆಸರನ್ನು ಸಾಲಿನ ಕೊನೆಯಲ್ಲಿ ಮುರಿಯುವಂತಿಲ್ಲ. ಜಾಗ ಸಾಲದಿದ್ದರೆ ಅಕ್ಷರ ಚಿಕ್ಕದಾಗಲಿ, ಹೂಬಳ್ಳಿ ಹೋಗಲಿ, ಮಾವನವರ ಪದವಿ ಹೋಗಲಿ. ಯಾರೋ ಒಬ್ಬರು ತಾಯಿಯ ವೈಕುಂಠ ಸಮಾರಾಧನೆಯ ಕಾರ್ಡು ಮಾಡಿಸಿದ್ದರು. ‘ವೆಂಕಟ’ ಮೇಲಿನ ಸಾಲಿನಲ್ಲಿ, ‘ಲಕ್ಷ್ಮಮ್ಮ’ ಕೆಳಗಿನ ಸಾಲಿನಲ್ಲಿ ಬಿದ್ದಿತ್ತು. ಕಾರ್ಡೆಲ್ಲ ಅಚ್ಚಾಗಿ ಬಂದ ಮೇಲೆ ಇವರ ಕಣ್ಣಿಗೆ ಬಿತ್ತು. ಆ ಮನೆಯವರು, "ಬಿಡಿ ಸಾಬ್ರೇ, ಓದೋರಿಗೆ ಅರ್ಥ ಆಗ್ತದೆ" ಅಂದರೂ ಕೇಳದೆ ಮತ್ತೆ ಅಚ್ಚು ಹಾಕಿಸಿದರು. "ಬದುಕಿರೋವಾಗ ಯಾರೂ ಆಯಮ್ಮನ್ನ ಅರ್ಧ ಹೆಸರಲ್ಲಿ ಕರ್ದಿರ್ಲಿಕ್ಕಿಲ್ಲ" ಎಂದರಂತೆ. ಸಾಬರ ಹೆಂಡತಿ ಈ ಕಥೆಯನ್ನು ಹೇಳುವಾಗಲೆಲ್ಲ ಹಣೆ ಚಚ್ಚಿಕೊಳ್ಳುತ್ತಿದ್ದರು. ಆದರೆ ಬಂದವರಿಗೆಲ್ಲ ಹೇಳುತ್ತಿದ್ದರು.

ನನಗೆ ಅವರು ನಿಜವಾಗಿ ಪರಿಚಯವಾದದ್ದು ನಾಲ್ಕು ವರ್ಷದ ಹಿಂದೆ, ನನ್ನ ತಪ್ಪೊಂದರ ದೆಸೆಯಿಂದ.

ನಾನು ಚಿಂತಾಮಣಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಗುಮಾಸ್ತೆ. ಒಂದು ಮಧ್ಯಾಹ್ನ ಕೆಂಚಾರ್ಲಹಳ್ಳಿ ಕಡೆಯ ಹೆಣ್ಣುಮಗಳೊಬ್ಬಳು ಬಂದಳು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ಬಿಸಿನೀರಿನ ಬಾಣಲೆಯಲ್ಲಿ ದಿನವಿಡೀ ಅದ್ದಿ ಅದ್ದಿ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಅವಳೇ ಮುನಿರತ್ನಮ್ಮ. ನಮ್ಮ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿ ಬಿಟ್ಟವಳು. ಈಗ ಹತ್ತನೇ ತರಗತಿ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಬೇಕು, ಪಾಸಾದರೆ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬಹುದು, ಅದಕ್ಕೆ ಶಾಲೆಯಿಂದ ಟಿ.ಸಿ. ಬೇಕು.

"ಹುಟ್ಟಿದ ತಾರೀಕು ಗೊತ್ತೇನಮ್ಮ?" ಎಂದೆ.

"ರಾಗಿ ಕೊಯ್ಲಲ್ಲಿ ಹುಟ್ಟಿದ್ದಂತೆ ಅಕ್ಕಾ. ಯಾವ ವರ್ಷದ ರಾಗಿ ಅಂತ ನಮ್ಮಮ್ಮಂಗೂ ಗೊತ್ತಿಲ್ಲ. ನಿಮ್ಮ ಬುಕ್ಕಲ್ಲಿದ್ರೆ ಹೇಳಿ."

ನಮ್ಮ ಬುಕ್ಕಿನಲ್ಲಿ ಇರಲಿಲ್ಲ. ಆ ವರ್ಷಗಳ ದಾಖಲಾತಿ ರಿಜಿಸ್ಟರು ಗೆದ್ದಲಿಗೆ ಹೋಗಿ ಬೈಂಡಿನ ರಟ್ಟು ಮಾತ್ರ ಉಳಿದಿತ್ತು. ಉಳಿದಿದ್ದುದು ಒಂದು ಸಿ.ಡಿ. ಇಪ್ಪತ್ತು ವರ್ಷದ ಹಿಂದೆ, ಶಾಲೆಗೆ ಮೊದಲ ಕಂಪ್ಯೂಟರ್ ಬಂದಾಗ, ಕೆಲಸಕ್ಕೆ ಹೊಸದಾಗಿ ಸೇರಿದ್ದ ನಾನೇ ರಿಜಿಸ್ಟರನ್ನು ಪೂರ್ತಿ ಟೈಪ್ ಮಾಡಿ ಅದರಲ್ಲಿ ಹಾಕಿಸಿದ್ದೆ. ಮರೆತೇಹೋಗಿತ್ತು. ನನಗೆ ಹೆಮ್ಮೆಯಾಯಿತು. ತೆರೆದು ನೋಡಿದರೆ ಕನ್ನಡದ ಒಂದಕ್ಷರವೂ ಇಲ್ಲ. ಟೊಪ್ಪಿ ಹಾಕಿದ ಇಂಗ್ಲಿಷ್ ಅಕ್ಷರಗಳು, ‘ನ’ ಇರಬೇಕಾದ ಕಡೆಯೆಲ್ಲ ಪೌಂಡಿನ ಗುರುತು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟರು ಇಂಟರ್‌ನೆಟ್ಟಿನಲ್ಲಿ ಸಿಗುವ ಪರಿವರ್ತಕಗಳಿಗೆಲ್ಲ ಕೊಟ್ಟು ನೋಡಿದರು. ಅರ್ಧಂಬರ್ಧ ಬಂತು. ನಾನು ಬಳಸಿದ್ದುದು ಆಗ ಯಾರೋ ಫ್ಲಾಪಿಯಲ್ಲಿ ತಂದುಕೊಟ್ಟ ಫಾಂಟು. ಅದರ ಹೆಸರೂ ಗೊತ್ತಿಲ್ಲ, ತಂದವರೂ ಇಲ್ಲ. ಅರ್ಜಿಗೆ ಕೊನೆಯ ದಿನ ಹದಿನೈದು ದಿನ ದೂರದಲ್ಲಿತ್ತು. ಮುನಿರತ್ನಮ್ಮನೇ ಹೇಳಿದಳು, "ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ ಹತ್ರ ಟೈಪ್ ಸಾಬರಿದಾರೆ, ಕೇಳಣ ಬನ್ನಿ."

ಹೋದೆವು. ಕೈ ತೊಳೆದೆವು. ಅವರು ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದರು.

"ಇದು ಕೆಟ್ಟಿಲ್ಲ ಮೇಡಮ್ಮ. ಆ ಕಾಲದಲ್ಲಿ ಕಂಪ್ಯೂಟ್ರಲ್ಲಿ ನಮ್ಮ ಅಕ್ಷರಕ್ಕೆ ಸ್ವಂತ ಮನೆ ಇರ್ಲಿಲ್ಲ. ಇಂಗ್ಲಿಷ್ ಅಕ್ಷರದ ಮನೇಲಿ ಬಾಡಿಗೆಗಿತ್ತು. ಫಾಂಟು ಅನ್ನೋದು ಬಾಗಿಲಿಗೆ ಹಾಕಿದ ಬೋರ್ಡು. ಬೋರ್ಡು ಬಿದ್ದೋದ್ರೆ ಬಾಗಿಲು ತೆಗೆಯೋನು ಮನೆ ಯಜಮಾನ. ಈಗ ಯೂನಿಕೋಡಲ್ಲಿ ಪ್ರತಿ ಅಕ್ಷರಕ್ಕೂ ಸ್ವಂತ ಮನೆ, ಸ್ವಂತ ನಂಬರು. ದೇಶ ಬಿಟ್ಟು ದೇಶಕ್ಕೆ ಹೋದ್ರೂ ಅದೇ ನಂಬರು. ಈಗ ನಾವು ಮಾಡ್ಬೇಕಾಗಿರೋದು ಯಾವ ಮನೇಲಿ ಯಾರಿದ್ರು ಅಂತ ಬೀದಿ ತುಂಬ ವಿಚಾರ್ಸೋದು."

ವಿಚಾರಿಸಿದರು. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಎಡಗಡೆ ಗುರುತು, ಬಲಗಡೆ ಅಕ್ಷರ. ಗೊತ್ತಿರುವ ಊರಿನ ಹೆಸರುಗಳಿಂದ ಶುರು ಮಾಡಿದರು. ‘ಕೆಂಚಾರ್ಲಹಳ್ಳಿ’ ಒಂದೇ ಹೆಸರಿನಿಂದ ಎಷ್ಟು ಅಕ್ಷರ ಸಿಕ್ಕಿದವೆಂದು ಬೆರಳು ಮಡಚಿ ತೋರಿಸಿದರು. ಅರ್ಕಾವತ್ತು ಬಂದಲ್ಲೆಲ್ಲ ತೊಡಕು. ಹಳೆಯ ಕ್ರಮದಲ್ಲಿ ಅದನ್ನು ಅಕ್ಷರ ಆದ ಮೇಲೆ ಇಡಬೇಕು, ಹೊಸ ಕ್ರಮದಲ್ಲಿ ಅಕ್ಷರಕ್ಕೆ ಮೊದಲು. ಒಂದೊಂದನ್ನೂ ಎತ್ತಿ ಈಚೆಗಿಟ್ಟರು. ಐದನೇ ದಿನ ಫೋನ್ ಮಾಡಿದರು. "ಕನ್ನಡ ಬಂತು. ಆದ್ರೆ ಮಕ್ಕಳು ಕಲಸಿಹೋಗಿದಾರೆ. ಬನ್ನಿ."

ರಿಜಿಸ್ಟರು ಅಗಲವಾದ ಪುಸ್ತಕ. ಎಡಗಡೆ ಪುಟದಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಊರು. ಬಲಗಡೆ ಪುಟದಲ್ಲಿ ಅದೇ ಸಾಲಿನ ನೇರಕ್ಕೆ ಹುಟ್ಟಿದ ತಾರೀಕು, ಶಾಲೆ ಬಿಟ್ಟ ತಾರೀಕು. ನಾನು ಮೊದಲು ಎಡಪುಟವನ್ನು ಪೂರ್ತಿ ಟೈಪ್ ಮಾಡಿ, ಅದರ ಕೆಳಗೆ ಬಲಪುಟವನ್ನು ಟೈಪ್ ಮಾಡಿದ್ದೆ. ಕ್ರಮಸಂಖ್ಯೆಯನ್ನು ಪ್ರಿಂಟಾದ ಮೇಲೆ ಕೈಯಲ್ಲಿ ಬರೆಯೋಣವೆಂದು ಬಿಟ್ಟಿದ್ದೆ. ಮೊದಲ ಹೆಸರಿಗೆ ಮೊದಲ ತಾರೀಕು, ಎರಡನೆಯದಕ್ಕೆ ಎರಡನೆಯದು ಎಂದು ಜೋಡಿಸಿದರೆ ಆಯಿತು. ಆದರೆ ಜೋಡಿಯಾಗುತ್ತಿರಲಿಲ್ಲ. ಎಡಗಡೆ ಸಾಲುಗಳೇ ಜಾಸ್ತಿ.

"ಮೇಡಮ್ಮ, ನೀವು ಟೈಪ್‌ರೈಟಿಂಗ್ ಕಲ್ತೋರಾ?" ಎಂದರು.

"ಹೌದು ಸಾರ್. ಚಿಂತಾಮಣಿಯಲ್ಲೇ. ಸೀನಿಯರ್ ಪಾಸು."

"ಅದಕ್ಕೇ."

ಎದ್ದು ನಿಂತು, ಇಲ್ಲದ ಟೈಪ್‌ರೈಟರಿನ ಎಡಗಡೆ ಹಿಡಿಯನ್ನು ಹಿಡಿದು ಬಲಕ್ಕೆ ತಳ್ಳಿದರು. "ಸಾಲು ಮುಗೀತಾ ಬಂತು, ಟಿಣ್ ಅಂತ ಗಂಟೆ ಹೊಡೀತು. ಕಾಗದ ಹಿಡ್ಕೊಂಡಿರೋ ಗಾಡಿ ಹಿಂದಕ್ಕೆ ತಳ್ಳಿದ್ರಿ, ಕಾಗದ ಒಂದು ಸಾಲು ಮೇಲಕ್ಕೆ ಹೋಯ್ತು. ಎರಡು ಕೆಲ್ಸ, ಒಂದೇ ಕೈ. ಇವತ್ತಿಗೂ ಕಂಪ್ಯೂಟ್ರಲ್ಲಿ ಎಂಟರ್ ಒತ್ತಿದ್ರೆ ಕೆಲವು ಕಡೆ ಆ ಎರಡು ಕೆಲ್ಸಕ್ಕೆ ಎರಡು ಗುರುತು ಒಳಗಡೆ ಬೀಳ್ತದೆ, ಕೆಲವು ಕಡೆ ಒಂದೇ ಸಾಕು ಅಂತಾರೆ. ಟೈಪ್‌ರೈಟ್ರು ಹೋದ್ರೂ ಅದರ ಗಾಡಿ ಹೋಗಿಲ್ಲ. ಕಂಪ್ಯೂಟ್ರಿಗೆ ಸಾಲು ತುಂಬಿದ್ರೆ ತಾನೇ ಕೆಳಗಿಳಿಯೋಕೆ ಬರ್ತದೆ. ನೀವು ಅದನ್ನ ನಂಬಿಲ್ಲ. ಕಿವೀಲಿ ಗಂಟೆ ಹೊಡೆದಾಗೆಲ್ಲ ಎಂಟರ್ ಒತ್ತಿದೀರಿ."

ನಿಜ. ಉದ್ದ ಹೆಸರು ಬಂದಾಗಲೆಲ್ಲ ನಾನು ಅಂಚಿಗೆ ಬಂದೆನೆಂದು ಎಂಟರ್ ಒತ್ತಿ ತಂದೆಯ ಹೆಸರನ್ನು ಕೆಳಗಿನ ಸಾಲಿಗೆ ಹಾಕಿದ್ದೆ. ಒಬ್ಬ ಹುಡುಗ ಎರಡು ಸಾಲಾದರೆ ಅವನ ಕೆಳಗಿನ ಅಷ್ಟೂ ಮಕ್ಕಳಿಗೆ ಪಕ್ಕದವರ ಹುಟ್ಟಿದ ದಿನ. ನನಗೆ ನಾಚಿಕೆಯಾಗಿ ಸೆರಗಿನ ಅಂಚು ತಿರುಚುತ್ತ ಕೂತೆ. ಮುನಿರತ್ನಮ್ಮ, "ಅಕ್ಕಾ, ನೀವು ನಮ್ಮಪ್ಪನ್ನ ಇನ್ಯಾರಿಗೋ ಕೊಟ್ಬಿಟ್ಟಿದೀರಾ?" ಎಂದು ನಕ್ಕಳು. ಸಾಬರು ನಗಲಿಲ್ಲ. "ನಾನೂ ಹಂಗೇ ಮಾಡ್ತಿದ್ದೆ ಕಣಮ್ಮ, ಒಂದು ವರ್ಷ" ಎಂದು ಅವಳ ಕಡೆ ತಿರುಗಿ ಹೇಳಿದರು.

ಆಮೇಲಿನ ಎಂಟು ದಿನ ಅವರು ಒಂದೊಂದೇ ಮುರಿದ ಸಾಲನ್ನು ಕೂಡಿಸಿದರು. ಇಡೀ ರಿಜಿಸ್ಟರು ಯಾಕೆ, ಮುನಿರತ್ನಮ್ಮನ ಪುಟ ಒಂದು ಸಾಕಲ್ಲ ಎಂದರೆ, "ಅಕ್ಕಪಕ್ಕದ ಪುಟ ಸರಿಬಂದ್ರೆ ತಾನೇ ಈ ಪುಟ ಸರಿ ಅಂತ ನಂಬೋದು?" ಎಂದರು. ಪುಟಪುಟವೂ ಸರಿಬಂತು. ಎಡಕ್ಕೆ ಇಪ್ಪತ್ತೈದು, ಬಲಕ್ಕೆ ಇಪ್ಪತ್ತೈದು. ಮುನಿರತ್ನಮ್ಮನ ಪುಟಕ್ಕೆ ಬಂದಾಗ ಎಡಗಡೆ ಇಪ್ಪತ್ತನಾಲ್ಕು ಮಕ್ಕಳು, ಬಲಗಡೆ ಇಪ್ಪತ್ತೈದು ತಾರೀಕು. ಒಂದು ತಾರೀಕು ಉಳಿಯಿತು.

ಆ ಉಳಿದ ಸಾಲು ಎಲ್ಲಿಯದು ಎಂಬುದರ ಮೇಲೆ ಎಲ್ಲ ನಿಂತಿತ್ತು. ಬಿಟ್ಟುಹೋದ ಮಗು ಮುನಿರತ್ನಮ್ಮನಿಗಿಂತ ಕೆಳಗಿದ್ದರೆ ಅವಳ ನೇರಕ್ಕೆ ಬರುವುದು ಒಂದು ತಾರೀಕು. ಮೇಲಿದ್ದರೆ ಅದರ ಮುಂದಿನ ತಾರೀಕು. ಎರಡಕ್ಕೂ ಎರಡು ವರ್ಷ ಅಂತರ. ಮೊದಲನೆಯದರಲ್ಲಿ ಅವಳು ಚಿಕ್ಕವಳು, ಅಂಗನವಾಡಿ ಕೆಲಸದ ವಯೋಮಿತಿಗೆ ಇನ್ನೂ ಮೂರು ವರ್ಷ ಇತ್ತು. ಎರಡನೆಯದರಲ್ಲಿ ಉಳಿದದ್ದು ಒಂದೇ ವರ್ಷ.

ಅರ್ಜಿಗೆ ಎರಡು ದಿನ ಇತ್ತು. ನಮ್ಮ ಹೆಡ್ಮಾಸ್ಟರು ಕೆಟ್ಟವರಲ್ಲ. ಅವರೇ ನನ್ನ ಫೋನಿನಿಂದ ಸಾಬರಿಗೆ ಮಾತಾಡಿದರು. "ಸಾಬ್ರೇ, ಒಂದು ಸಾಲಿಗೆ ಇಷ್ಟು ತಲೆ ಕೆಡಿಸ್ಕೋಬೇಡಿ. ಬಡ ಹೆಣ್ಣುಮಗಳು. ಚಿಕ್ಕ ವಯಸ್ಸಿಂದು ಹಾಕಿ ಕಳ್ಸಿ, ನಾನು ಸಹಿ ಮಾಡ್ತೀನಿ. ಯಾರಿಗೆ ನಷ್ಟ?"

ಮುನಿರತ್ನಮ್ಮ ಅಂಗಡಿಯಲ್ಲೇ ಕೂತಿದ್ದಳಂತೆ. ಅವಳೂ ಅದನ್ನೇ ಹೇಳಿದಳು, ಮುಂದೆ ನನ್ನ ಹತ್ತಿರ ತಾನೇ ಒಪ್ಪಿಕೊಂಡಳು. "ಸಾಬ್ರೇ, ಚಿಕ್ಕದ್ದೇ ಹಾಕಿ ಸ್ವಾಮಿ. ನಿಮ್ಗೇನು ಹೋಗೋದು? ಇಪ್ಪತ್ತು ವರ್ಷ ಬಿಸಿನೀರಲ್ಲಿ ಕೈ ಅದ್ದಿದೀನಿ. ಒಂದು ಕುರ್ಚಿ ಮೇಲೆ ಕೂತ್ಕೊಂಡು ಮಕ್ಕಳಿಗೆ ಪದ ಹೇಳ್ಕೊಡಣ ಅಂದ್ರೆ ನೀವೇ ಅಡ್ಡ ಬರ್ತೀರಲ್ಲ."

"ಅಡ್ಡ ಬರ್ತಿಲ್ಲ ತಾಯಿ. ಆ ತಾರೀಕು ನಿಂದೇ ಆಗಿದ್ರೆ ಕೈಯಾರೆ ಬರ್ದು ಕೊಡ್ತೀನಿ. ನಿಂದಲ್ದಿದ್ರೆ ಅದು ಇನ್ನೊಂದು ಮಗೂಂದು. ಎಲ್ಲೋ ಇದೆ ಅದು."

"ಎಲ್ಲೋ ಇರೋಳಿಗೆ ಬೇಕಾಗಿಲ್ಲ, ಇಲ್ಲಿರೋಳಿಗೆ ಬೇಕು."

ಅದಕ್ಕೆ ಅವರು ಟೀ ತರಿಸಿದರಂತೆ. ಅವಳು ಕುಡಿಯದೆ ಎದ್ದು ಹೋದಳಂತೆ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಅವರು ಚಿಂತಾಮಣಿಗೆ ಬಂದು, ನಮ್ಮ ಮನೆಯ ಗೇಟು ತಟ್ಟಿದರು. ನಾನು ಇನ್ನೂ ಅಂಗಳಕ್ಕೆ ನೀರು ಹಾಕುತ್ತಿದ್ದೆ. ಅವರ ಕೈಯಲ್ಲಿ ಪ್ರಿಂಟು. ಕೂಡಿಸಿದ್ದಲ್ಲ, ಸಿ.ಡಿ.ಯಲ್ಲಿ ಇದ್ದ ಹಾಗೇ ತೆಗೆದ ಪ್ರಿಂಟು, ನನ್ನ ಎಂಟರುಗಳೆಲ್ಲ ಇದ್ದ ಹಾಗೆ.

"ಮೇಡಮ್ಮ, ಈ ಖಾಲಿ ಸಾಲುಗಳು ಯಾಕೆ ಬಿಟ್ರಿ?"

"ಐದು ಹೆಸರಿಗೊಂದು ಸಾಲು ಬಿಡೋದು ಸಾರ್. ಇನ್ಸ್ಟಿಟ್ಯೂಟಲ್ಲಿ ಹಂಗೇ ಕಲಿಸಿದ್ರು, ಕಣ್ಣಿಗೆ ಸುಲಭ ಅಂತ."

"ನಾನು ಅದನ್ನೆಲ್ಲ ಗುಡಿಸಿ ಹಾಕಿಬಿಟ್ಟೆ. ಖಾಲಿ ಅಲ್ವಾ ಅಂತ. ನೋಡಿ ಈಗ. ಐದಕ್ಕೊಂದು, ಐದಕ್ಕೊಂದು. ಇಲ್ಲಿ ಮೂರಕ್ಕೇ ಒಂದು ಬಿಟ್ಟಿದೀರಿ. ಯಾಕೆ?"

ಪೊರಕೆ ಕೆಳಗಿಟ್ಟು ನೋಡಿದೆ. ಮೂರು ಹೆಸರು, ಒಂದು ಖಾಲಿ, ಅದರ ಕೆಳಗೆ ಮುನಿರತ್ನಮ್ಮ. ಇಪ್ಪತ್ತು ವರ್ಷದ ಹಿಂದಿನದು ಒಮ್ಮೆಗೇ ನೆನಪಾಗುತ್ತದೆಂದು ನಾನು ಹೇಳುವುದಿಲ್ಲ. ಅವರು ಕಟ್ಟೆಯ ಮೇಲೆ ಕೂತರು, ನಾನು ಕಾಫಿ ಮಾಡಿಕೊಟ್ಟೆ, ದೋಸೆ ಹುಯ್ದು ಕೊಟ್ಟೆ. ಎರಡನೇ ದೋಸೆ ಹುಯ್ಯುವಾಗ ಹೊಳೆಯಿತು. ಆ ಪುಟದ ಮೇಲೆ ಯಾವ ಕಾಲದಲ್ಲೋ ಮಸಿ ಚೆಲ್ಲಿತ್ತು. ಒಂದು ಹೆಸರು ಪೂರ್ತಿ ನೀಲಿಯಾಗಿ ಓದಲಾಗುತ್ತಿರಲಿಲ್ಲ. ಹಳಬರನ್ನು ಕೇಳಿ ತುಂಬಿಸೋಣವೆಂದು ಒಂದು ಎಂಟರ್ ಒತ್ತಿ ಜಾಗ ಬಿಟ್ಟಿದ್ದೆ. ಕೇಳಲಿಲ್ಲ. ಬಲಪುಟಕ್ಕೆ ಮಸಿ ತಾಗಿರಲಿಲ್ಲ, ಆ ಮಗುವಿನ ತಾರೀಕನ್ನು ಟೈಪ್ ಮಾಡಿದ್ದೆ.

ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದು ಹೇಳಿದೆ. ಅವರು ಆ ಖಾಲಿ ಸಾಲಿನ ಮೇಲೆ ಬೆರಳಿಟ್ಟರು.

"ಹಂಗಾದ್ರೆ ಅದು ಖಾಲಿ ಸಾಲಲ್ಲ. ಒಂದು ಮಗು" ಎಂದರು. "ಹೆಸರು ಮೊದ್ಲೇ ಹೋಗಿದೆ. ಆ ಮಗುಗೆ ನಮ್ಮ ಹತ್ರ ಉಳಿದಿರೋದು ಅದೊಂದು ತಾರೀಕು. ಅದನ್ನೂ ತೆಗೆದು ಇನ್ನೊಬ್ಬರಿಗೆ ಕೊಡಕ್ಕಾಗಲ್ಲ ಮೇಡಮ್ಮ."

ಮುನಿರತ್ನಮ್ಮ ಬಯಸಿದ್ದು ಆ ಹೆಸರಿಲ್ಲದ ಮಗುವಿನ ತಾರೀಕು. ಅವಳದ್ದು ಅದರ ಕೆಳಗಿನದು, ಎರಡು ವರ್ಷ ದೊಡ್ಡದು.

ಹೆಡ್ಮಾಸ್ಟರು ಪ್ರಿಂಟನ್ನು ನೋಡಿದ ಮೇಲೆ ಸಹಿ ಮಾಡಿದರು. ಟಿ.ಸಿ. ಕೊಡುವಾಗ ಮುನಿರತ್ನಮ್ಮ ನನ್ನ ಮುಖ ನೋಡಲಿಲ್ಲ. ಸಾಬರ ಅಂಗಡಿಯ ಮುಂದೆ ಹಾದುಹೋಗುವಾಗ ಬೀದಿಯ ಆಚೆ ಬದಿಗೆ ಹೋಗುತ್ತಿದ್ದಳಂತೆ. ಆದರೆ ಅರ್ಜಿ ಹಾಕಿದಳು. ನೂಲಿನ ಕೆಲಸ ಮುಗಿಸಿ ಸಂಜೆ ಪಾಠಕ್ಕೆ ಹೋದಳು. ಮೊದಲ ಸಲ ಗಣಿತ ಹೋಯಿತು, ಮತ್ತೆ ಕಟ್ಟಿದಳು, ಪಾಸಾದಳು. ಕೆಲಸಕ್ಕೆ ಅರ್ಜಿ ಕರೆಯುವ ಹೊತ್ತಿಗೆ ವಯಸ್ಸು ನಾಲ್ಕು ತಿಂಗಳು ಮೀರಿತ್ತು. ಆ ದಿನ ನೇರ ಅಂಗಡಿಗೆ ಹೋಗಿ ಬಾಗಿಲಲ್ಲಿ ನಿಂತು, "ನೋಡಿದ್ರಾ? ನಾಲ್ಕೇ ತಿಂಗ್ಳು. ಈಗ ಸಮಾಧಾನ ಆಯ್ತಾ ನಿಮ್ಗೆ?" ಎಂದು ಬೀದಿಗೆ ಕೇಳುವ ಹಾಗೆ ಅಂದಳಂತೆ.

ಅವರು ತಪ್ಪಾಯಿತು ಅನ್ನಲಿಲ್ಲ, ಸರಿ ಮಾಡಿದೆ ಅಂತಲೂ ಅನ್ನಲಿಲ್ಲ. "ಸಮಾಧಾನ ಇಲ್ಲ ತಾಯಿ" ಎಂದರಂತೆ. ಆಮೇಲೆ, "ನನ್ ಕಣ್ಣಿಗೆ ಪೊರೆ ಬಂದಿದೆ. ಬಿಸ್ಕತ್ತು ಯಾವ್ದು ಅಕ್ಷರ ಯಾವ್ದು ಗೊತ್ತಾಗ್ತಿಲ್ಲ. ಒಳಗೆ ಬಂದು ಈ ಸಾಲು ಓದ್ತೀಯಾ?" ಎಂದು ಕೇಳಿದರಂತೆ. ಅವಳು ಬೈಯುತ್ತಲೇ ಕೈ ತೊಳೆದು ಒಳಗೆ ಹೋಗಿ ಓದಿದಳು. ಮಾರನೆಯ ದಿನವೂ ಓದಿದಳು. ಮೂರು ತಿಂಗಳಲ್ಲಿ ಟೈಪ್ ಮಾಡುತ್ತಿದ್ದಳು. ನಾನು ಹೋದಾಗ ಆ ಕುರ್ಚಿಯ ಮೇಲೆ ಅವಳೇ ಕೂತಿದ್ದಳು, ಅವರು ಪಕ್ಕದ ಸ್ಟೂಲಿನ ಮೇಲೆ. "ಸಾಲು ತುಂಬಿದ್ರೆ ತಾನೇ ಇಳೀತದೆ, ಬಿಡು, ಎಂಟರ್ ಒತ್ಬೇಡ" ಎನ್ನುತ್ತಿದ್ದರು. "ಒತ್ತಿಲ್ಲ ಸಾಬ್ರೇ, ಸುಮ್ನಿರಿ, ನಾನೇನು ಮೇಡಮ್ಮನಾ" ಎಂದಳು, ನಾನು ಬಾಗಿಲಲ್ಲಿರುವುದು ಗೊತ್ತಿದ್ದೇ.

ಇವತ್ತು ನಾನು ಅವರ ಮನೆಗೆ ಹೋಗುವ ಹೊತ್ತಿಗೆ ಗಂಡಸರು ಅವರನ್ನು ಎತ್ತಿಕೊಂಡು ಹೊರಟಿದ್ದರು. ಬೀದಿಯ ತುದಿಯವರೆಗೆ ಬಿಳಿ ಟೋಪಿಗಳು ಕಂಡವು, ಆಮೇಲೆ ಇಲ್ಲ. ಒಳಗೆ ಅವರ ಹೆಂಡತಿ ಗೋಡೆಗೊರಗಿ ಕೂತಿದ್ದರು. ನನ್ನ ಕೈ ಹಿಡಿದು, "ನಿನ್ನೆ ರಾತ್ರಿ ಕೂಡ ಯಾರ್ದೋ ಕಾರ್ಡಲ್ಲಿ ಹೆಸರು ಮುರ್ದಿದೆ ಅಂತಿದ್ರು" ಅಂದರು. ಮುನಿರತ್ನಮ್ಮ ಅಡುಗೆಮನೆಯಲ್ಲಿ ಬಂದವರಿಗೆ ನೀರು ಕೊಡುತ್ತಿದ್ದಳು. ಕಣ್ಣು ಕೆಂಪಾಗಿದ್ದವು, ಮಾತು ಗಟ್ಟಿಯಾಗಿತ್ತು.

ಜನ ಕಡಿಮೆಯಾದ ಮೇಲೆ ಅವಳು ಅಂಗಡಿಯ ಮೇಜಿನಿಂದ ತಂದ ಒಂದು ಲಕೋಟೆಯನ್ನು ನನ್ನ ಕೈಗಿಟ್ಟಳು. ನಮ್ಮ ಶಾಲೆಯ ಟಿ.ಸಿ. ನಮೂನೆಯಲ್ಲಿ ಟೈಪ್ ಮಾಡಿದ ಒಂದು ಹಾಳೆ. ಹುಟ್ಟಿದ ತಾರೀಕು ಇತ್ತು, ಶಾಲೆ ಬಿಟ್ಟ ತಾರೀಕು ಇತ್ತು. ಹೆಸರಿನ ಜಾಗ ಬಿಟ್ಟಿತ್ತು. ನಾಲ್ಕು ವರ್ಷದಿಂದ ಮೇಜಿನಲ್ಲಿ ಇಟ್ಟುಕೊಂಡಿದ್ದರಂತೆ. ಯಾರಾದರೂ ಬಂದು ಕೇಳಿದರೆ ತಡವಾಗಬಾರದೆಂದು.

"ನಂಗೆ ಇವತ್ತೇ ಸಿಕ್ಕಿದ್ದು ಅಕ್ಕಾ. ಯಾವತ್ತೂ ತೋರ್ಸಿರ್ಲಿಲ್ಲ."

"ಯಾರಿರಬಹುದು?"

"ನನ್ ಮೇಲಿನ ಸಾಲಲ್ಲಿ ಇದ್ದೋಳು ಅಂದ್ರೆ ಅವತ್ತು ನನ್ ಜೊತೆ ಸೇರಿದೋಳೇ ಇರ್ಬೇಕು. ನನ್ಗಿಂತ ಚಿಕ್ಕೋಳು. ಹುಡುಗನೋ ಏನೋ. ಒಂದನೇ ಕ್ಲಾಸಲ್ಲಿ ನಾವೆಲ್ಲ ಒಂದೇ ಜಮಖಾನದ ಮೇಲೆ ಕೂತಿದ್ದೋರು. ಒಬ್ಬೊಬ್ಬರನ್ನೇ ಕೇಳ್ತೀನಿ. ಇಪ್ಪತ್ತನಾಲ್ಕು ಹೆಸರು ನಮ್ಮ ಹತ್ರ ಇದೆ. ಅವರಲ್ಲಿಲ್ದೋರು ಯಾರು ಅಂತ ಅವರೇ ಹೇಳ್ಬೇಕು."

"ಅಂಗಡಿ?"

"ನಾಡಿದ್ದು ತೆಗೀತೀನಿ. ಒಪ್ಕೊಂಡಿರೋ ಕಾರ್ಡುಗಳಿವೆ. ಸಾಬರ ಮನೆ ಅಮ್ಮ ಆಗ್ಲಿ ಅಂದಿದಾರೆ." ಲಕೋಟೆಯನ್ನು ನನ್ನಿಂದ ತೆಗೆದುಕೊಂಡು ಸೆರಗಿನೊಳಗಿಟ್ಟುಕೊಂಡಳು. "ಆ ತಾರೀಕು ನಂಗೆ ಬೇಕು ಅಂತ ಎಷ್ಟು ಜಗಳಾಡಿದ್ದೆ. ಅದು ಯಾರ್ದೋ ಅವರ ಕೈಗೆ ನಾನೇ ಕೊಡ್ಬೇಕು ಅಕ್ಕಾ."

ರಾತ್ರಿ ಅವಳು ಅಲ್ಲೇ ಉಳಿಯುತ್ತೇನೆಂದಳು. ನಾನು ಐದೂವರೆ ಬಸ್ಸಿಗೆ ಹೊರಟೆ.

ಮನೆಗೆ ಬಂದು ಸ್ನಾನ ಮಾಡಿದೆ. ನಮ್ಮವರು ಹೋಟೆಲಿನಿಂದ ಇಡ್ಲಿ ತಂದಿದ್ದರು, ಚಟ್ನಿ ಆರಿಹೋಗಿತ್ತು. ಉಪ್ಪಿನಕಾಯಿ ಹಚ್ಚಿಕೊಂಡು ನಾನು ಎರಡು ತಿಂದೆ, ಅವರು ನಾಲ್ಕು. ತಟ್ಟೆ ತೊಳೆಯುವಾಗ ಮುನಿರತ್ನಮ್ಮನ ಮೆಸೇಜು ಬಂತು. ಕನ್ನಡದಲ್ಲೇ ಟೈಪ್ ಮಾಡಿದ್ದಳು:

‘ನಮ್ಮ ಪಟ್ಟಿಯಲ್ಲಿ ಇಲ್ಲದ, ಮಂಡಿಕಲ್ಲಿಗೆ ಮದುವೆಯಾಗಿ ಹೋದ ಗಂಗರತ್ನಳಿಗೆ ಫೋನ್ ಮಾಡಿದೆ. ಅವಳಲ್ಲ. ಅವಳು ಇನ್ನಿಬ್ಬರ ಹೆಸರು ಹೇಳಿದ್ದಾಳೆ, ನಾಳೆ ಕೇಳುತ್ತೇನೆ.

ಪಕ್ಕದ ಮನೆಯವರು ಅನ್ನ, ದಾಲ್ಚಾ ತಂದಿದ್ದರು. ಅಮ್ಮ ನಾಲ್ಕು ತುತ್ತು ತಿಂದರು. ಈಗ ಮಲಗಿದ್ದಾರೆ.’